ಕಂಕುಳಲ್ಲಿ ಚೆಂಡು

ಶನಿವಾರ ಬೆಳಿಗ್ಗೆ ಯಶಸ್ ಎಡಗೈಯಲ್ಲಿ ದೋಸೆ ಮುರಿದದ್ದೇ ಮನೆಯ ಶಾಂತಿ ಕೆಡಲು ಸಾಕಾಯಿತು.

"ಬಲಗೈಗೇನಾಗಿದೆಯೋ?" ಎಂದು ಅಮ್ಮ ಮೀರಾ ಕೇಳಿದರು.

ಬಲಗೈಗೆ ಏನೂ ಆಗಿರಲಿಲ್ಲ. ಅದರ ಮಡಿಕೆಯಲ್ಲಿ ಅಮೆರಿಕನ್ ಫುಟ್‌ಬಾಲಿನ ಕಂದು ಚೆಂಡು, ಸುಲಿಯದ ತೆಂಗಿನಕಾಯಿಯಂತೆ ಎರಡೂ ತುದಿಗೆ ಮೊನೆಯಾದದ್ದು, ಪಕ್ಕೆಗೆ ಒತ್ತಿ ಕೂತಿತ್ತು.

ಯಶಸ್ ಇಲ್ಫರ್ಡಿನ ಹುಡುಗರ ತಂಡದಲ್ಲಿ ರಿಸೀವರ್. ಅಂದರೆ ದೂರದಿಂದ ಎಸೆದ ಚೆಂಡನ್ನು ಓಡುತ್ತಲೇ ಹಿಡಿದು ಮುಂದಕ್ಕೆ ಒಯ್ಯಬೇಕಾದವನು. ಹಿಡಿಯುವುದೇನೋ ಹಿಡಿಯುತ್ತಿದ್ದ. ಆದರೆ ಮರುಗಳಿಗೆಯೇ, ತನ್ನನ್ನು ಬೀಳಿಸಲು ಯಾರು ನುಗ್ಗಿ ಬರುತ್ತಿದ್ದಾರೋ ಎಂದು ಹೆದರಿ ತಲೆಯೆತ್ತುತ್ತಿದ್ದ. ಅಷ್ಟರಲ್ಲಿ ಚೆಂಡು ಒದ್ದೆ ಸೋಪಿನಂತೆ ಜಾರುತ್ತಿತ್ತು. ಹೀಗಾಗಿ ಈ ಸೀಸನ್ನಿನಲ್ಲಿ ಅವನು ಓಡಿದ್ದಕ್ಕಿಂತ ಬೆಂಚಿನ ಮೇಲೆ ಕೂತದ್ದೇ ಹೆಚ್ಚು.

ಹಿಂದಿನ ದಿನ ಕೋಚ್ ಅವನನ್ನು ಕರೆದು ಪಾಠ ಹೇಳಿದ್ದ. ಚೆಂಡು ಮೈಗೆ ಸೇರುವ ತನಕ ಕಣ್ಣು ಅದರ ಮೇಲೇ ಇರಬೇಕು. ಒಂದು ಮೊನೆಗೆ ಬೆರಳಿನ ಹಿಡಿತ, ಇನ್ನೊಂದು ಮೊನೆ ಮೊಣಕೈ ಸಂದಿಯಲ್ಲಿ. ನಾಳೆ ಸಂಜೆಯ ಮ್ಯಾಚಿನ ತನಕ ಇದನ್ನು ಹೀಗೇ ಹಿಡಿದುಕೊಂಡಿರು. ನನ್ನ ಕಡೆಯವನೊಬ್ಬ ಎಲ್ಲಾದರೂ ಬಂದು ಕಿತ್ತುಕೊಳ್ಳಲು ನೋಡುತ್ತಾನೆ, ಯಾರೆಂದು ಹೇಳುವುದಿಲ್ಲ. ಚೆಂಡು ಉಳಿದರೆ ಮೊದಲ ನಿಮಿಷದಿಂದಲೇ ನೀನು ಮೈದಾನದಲ್ಲಿ.

ಅದು ಸೀಸನ್ನಿನ ಕೊನೆಯ ಮ್ಯಾಚ್. ಮುಂದಿನ ವರ್ಷಕ್ಕೆ ಯಶಸ್‌ಗೆ ಆ ತಂಡದ ವಯಸ್ಸು ಮೀರುತ್ತಿತ್ತು. ರಾತ್ರಿ ಚೆಂಡನ್ನು ತಬ್ಬಿಕೊಂಡು ಮಲಗಿದವನಿಗೆ ನಿದ್ದೆಯೇ ಹತ್ತಿರಲಿಲ್ಲ.

"ಎಡಗೈಲಿ ತಿನ್ನು ಅಂತ ಕೋಚ್ ಹೇಳಿದ್ನಾ?" ಅಮ್ಮ ಬಿಡಲಿಲ್ಲ. "ಹೋಗ್ಲಿ, ಬೇಗ ರೆಡಿಯಾಗು. ರಜನಿ ಆಂಟಿ ಮನೇಲಿ ಮೊಮ್ಮಗಳ ನಾಮಕರಣ. ಅಲ್ಲಿಗೂ ಅದನ್ನ ಹೊತ್ಕೊಂಡು ಬರ್ಬೇಡ."

ಹೊತ್ತುಕೊಂಡೇ ಹೊರಟ. ಜುಬ್ಬದ ಬಲತೋಳು ತೊಡಲು ಚೆಂಡನ್ನು ಗದ್ದದಡಿ ಅವಚಿಕೊಳ್ಳಬೇಕಾಯಿತು.

ಗೇಟಿನಲ್ಲೇ ಪಕ್ಕದ ಮನೆಯ ಸ್ಟ್ಯಾನಿಸ್ಲಾಸ್ ಅಂಕಲ್ ಎದುರಾದರು. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದ ಮೇಲೆ ಬೀದಿಯವರಿಗೆಲ್ಲ ಸಲಹೆ ಕೊಡುವುದೇ ಅವರ ಉದ್ಯೋಗ.

"ಎಂತ ಮಾರಾಯ, ಹಲಸಿನಕಾಯಿ ಹೊತ್ತ ಹಾಗೆ ಹೊತ್ತಿದ್ದಿ? ಹಾಗಲ್ಲ ಹಿಡಿಯುವುದು. ನಾನು ಉಡುಪಿಯಲ್ಲಿ ವಿಕೆಟ್ ಕೀಪರ್ ಆಗಿದ್ದವ. ಇಲ್ಲಿ ಕೊಡು, ತೋರಿಸ್ತೇನೆ."

ಕೈ ಮುಂದೆ ಬಂತು. ಯಶಸ್‌ಗೆ ಅನುಮಾನ ಬಂತು. ಆಸ್ಪತ್ರೆಯಲ್ಲಿದ್ದವರಿಗೆ ಇಲ್ಫರ್ಡಿನ ಅರ್ಧ ಜನ ಪರಿಚಯ. ಕೋಚ್ ಪರಿಚಯವಿಲ್ಲದೆ ಇದ್ದೀತೆ? ಹಿಂದಕ್ಕೆ ಹಾರಿದ. ಹಿಂದೆ ಕೌನ್ಸಿಲಿನ ಕಸದ ಬಿನ್ ಇತ್ತು. ಬಿನ್ ಉರುಳಿತು, ಅದರ ಮೇಲೆ ಯಶಸ್ ಉರುಳಿದ. ಚೆಂಡು ಮಾತ್ರ ಅಲುಗಲಿಲ್ಲ.

"ಪೆಟ್ಟಾಯ್ತಾ?"

"ಇಲ್ಲ ಅಂಕಲ್. ಪ್ಲೀಸ್, ನೀವು ಅಲ್ಲೇ ಇರಿ."

ರಜನಿ ಆಂಟಿಯ ಮನೆ ತುಂಬಿ ತುಳುಕುತ್ತಿತ್ತು. ಯಶಸ್ ಗೋಡೆಗೆ ಬೆನ್ನು ಕೊಟ್ಟು ಮೂಲೆಯಲ್ಲಿ ನಿಂತ. ಯಾರು ಕೆಮ್ಮಿದರೂ ಅವನ ಮೊಣಕೈ ಬಿಗಿಯಾಗುತ್ತಿತ್ತು. ಅಷ್ಟರಲ್ಲಿ ಆಂಟಿಯೇ ರೇಷ್ಮೆ ಸೀರೆ ಸರಸರ ಅನ್ನಿಸುತ್ತ ಬಂದರು.

"ಅಯ್ಯೋ, ಪುಟ್ಟಿಗೆ ಆಟದ ಸಾಮಾನು ತಂದ್ಯಾ? ಎಷ್ಟು ಒಳ್ಳೆ ಹುಡುಗ. ಕೊಡಪ್ಪ."

ಕೈ ಹಾಕಿ ಎಳೆದರು. ಚೆಂಡು ಬರಲಿಲ್ಲ. ನಗುತ್ತಲೇ ಇನ್ನೊಮ್ಮೆ ಎಳೆದರು. ಆಗಲೂ ಬರಲಿಲ್ಲ. ಮಾತಾಡುತ್ತಿದ್ದವರೆಲ್ಲ ಇತ್ತ ತಿರುಗಿದರು.

"ಕೊಡೋ, ಆಂಟಿ ಕೇಳ್ತಿದಾರೆ," ಎಂದರು ಅಮ್ಮ. ಮುಖ ಕೆಂಪಾಗಿತ್ತು.

"ಅಮ್ಮ, ಇದು ಗಿಫ್ಟ್ ಅಲ್ಲ."

"ಈಗ ಕೊಡು ಮಾರಾಯ, ನಿನಗೆ ನಾನು ಬೇರೆ ತಂದುಕೊಡ್ತೇನೆ," ಎಂದು ಅಲ್ಲಿಗೇ ಬಂದಿದ್ದ ಸ್ಟ್ಯಾನಿಸ್ಲಾಸ್ ಅಂಕಲ್ ಮರ್ಯಾದೆ ಉಳಿಸಲು ಇನ್ನೊಂದು ತುದಿಗೆ ಕೈ ಹಾಕಿದರು.

ಒಬ್ಬರಲ್ಲ, ಇಬ್ಬರು. ಇವರಲ್ಲಿ ಯಾರೋ ಒಬ್ಬರು ಕೋಚ್‌ನ ಕಡೆಯವರೇ ಎಂದು ಯಶಸ್‌ಗೆ ಖಾತ್ರಿಯಾಯಿತು. ಭುಜ ತಗ್ಗಿಸಿ ಬುಗುರಿಯಂತೆ ಗಿರಕ್ಕನೆ ತಿರುಗಿದ. ಆಂಟಿ ಸೋಫಾದ ಮೇಲೆ ಕೂತರು, ಅಂಕಲ್ ಕೋಸಂಬರಿಯ ಪಾತ್ರೆಯನ್ನು ಅಪ್ಪಿಕೊಂಡರು. ಯಶಸ್ ಅಡಿಗೆಮನೆ ದಾಟಿ, ಹಿಂದಿನ ಬೇಲಿ ಹಾರಿ ಬೀದಿಗೆ ಬಿದ್ದ. ಒಳಗೆ ಮಗು ಕಿರುಚಿಕೊಂಡಿತು. ಮಗುವಿನ ಅಪ್ಪ ಅದರ ಕಿವಿಯಲ್ಲಿ ಹೇಳಿದ ಹೆಸರು ಏನೆಂದು ಯಾರಿಗೂ ಕೇಳಿಸಲಿಲ್ಲ.

ಮೈದಾನಕ್ಕೆ ಹೋಗಲು ಹತ್ತಿದ ಎಲಿಜಬೆತ್ ಲೈನ್ ರೈಲಿನಲ್ಲಿ ಅವನು ಕೂರಲಿಲ್ಲ. ಪೇಪರು ಓದುವವನು, ನಾಯಿ ಹಿಡಿದವಳು, ಸುಮ್ಮನೆ ನಿದ್ದೆ ಮಾಡುತ್ತಿದ್ದವನು, ಎಲ್ಲರ ಮೇಲೂ ಅನುಮಾನ. ಅಮ್ಮನ ಮೆಸೇಜು ಬಂತು: "ಮನೆಗೆ ಬಾ, ಮಾತಾಡೋದಿದೆ." ಎಡಗೈಯಲ್ಲೇ ಫೋನನ್ನು ಜೇಬಿಗೆ ತುರುಕಿದ.

ಮೈದಾನದ ಗೇಟಿನಲ್ಲಿ ಕುತ್ತಿಗೆಯ ತನಕ ರೇನ್‌ಕೋಟ್ ತೊಟ್ಟ ಒಬ್ಬ ನಿಂತಿದ್ದ. ಯಶಸ್‌ನ ಕಂಕುಳು ನೋಡಿ ನಕ್ಕು, "ಆ ಚೆಂಡು ಒಂದು ನಿಮಿಷ ಕೊಡ್ತೀಯಾ?" ಎಂದು ಇಂಗ್ಲಿಷಿನಲ್ಲಿ ಕೇಳುತ್ತ ಕೈ ಚಾಚಿದ.

ಇವನೇ ಅವನು. ಹಾಗಾದರೆ ಬೆಳಗಿನಿಂದ ಬೈಸಿಕೊಂಡದ್ದೆಲ್ಲ ದಂಡ ಎಂದು ಒಂದು ಕ್ಷಣ ಅನ್ನಿಸಿದರೂ ಯಶಸ್‌ಗೆ ಆ ದಿನ ಮೊದಲ ಬಾರಿಗೆ ಉಸಿರು ಸರಾಗವಾಯಿತು. ಎಡಕ್ಕೆ ಹೋಗುವಂತೆ ತೋರಿಸಿ ಬಲಕ್ಕೆ ನುಗ್ಗಿದ. ಆತ ಕೂಗುತ್ತ ಬೆನ್ನಟ್ಟಿ ಬಂದ. ಕೆಸರಿನಲ್ಲಿ ಕಾಲು ಜಾರಿ ದೊಪ್ಪನೆ ಬಿದ್ದ ಸದ್ದು ಕೇಳಿಸಿತು. ಯಶಸ್ ತಿರುಗಿ ನೋಡಲಿಲ್ಲ.

"ತಗೊಳ್ಳಿ ಕೋಚ್," ಎಂದು ಏದುಸಿರಿನಲ್ಲೇ ಹೇಳಿದ. "ನಿಮ್ಮ ಕಡೆಯವನ ಕೈಲಿ ಆಗಲಿಲ್ಲ."

ಕೋಚ್ ಅವನ ಭುಜ ತಟ್ಟಿದ. "ಶಭಾಷ್. ಆದರೆ ನಾನು ಯಾರನ್ನೂ ಕಳಿಸಿರಲಿಲ್ಲ. ನೀನು ಎಚ್ಚರವಾಗಿರಲಿ ಅಂತ ಹಾಗೆ ಹೇಳಿದೆ, ಅಷ್ಟೇ."

ಆಗ ಕೆಸರು ಮೆತ್ತಿದ ಮನುಷ್ಯ ಕುಂಟುತ್ತ ಬಂದು ರೇನ್‌ಕೋಟ್ ಬಿಚ್ಚಿದ. ಒಳಗೆ ಕಪ್ಪು ಬಿಳಿ ಪಟ್ಟೆಯ ಅಂಗಿ. ಆತ ರೆಫರಿ. ಮ್ಯಾಚಿಗೆ ಮೊದಲು ಚೆಂಡುಗಳ ಗಾಳಿ ಪರೀಕ್ಷಿಸುವುದು ಅವನ ಕೆಲಸ. ಈ ಹುಡುಗ ಇವತ್ತು ಆಡುವಂತಿಲ್ಲ ಎಂದು ತಗ್ಗಿದ ದನಿಯಲ್ಲೇ ಹೇಳಿದ. ಕೋಚ್ ಬೇಡಿಕೊಂಡದ್ದಕ್ಕೆ ಒಂದು ರಿಯಾಯಿತಿ ಸಿಕ್ಕಿತು: ಗೆರೆಯ ಹೊರಗೆ ಚೆಂಡಿನ ಜಾಗ ತೋರಿಸುವ ಕೋಲು ಹಿಡಿದು ನಿಲ್ಲಬಹುದು.

ಯಶಸ್ ಕೋಲು ಹಿಡಿದು ನಿಂತ. ಆಟ ಶುರುವಾಯಿತು. ಅವನ ಬದಲಿಗೆ ಇಳಿದ ಹುಡುಗನ ಕಡೆಗೆ ಉದ್ದನೆಯ ಎಸೆತ ಬಂತು. ಹುಡುಗ ಹಿಡಿದ, ತಲೆಯೆತ್ತಿದ, ಚೆಂಡು ಜಾರಿ ಹುಲ್ಲಿಗೆ ಬಿತ್ತು.

ಕೋಚ್ ತಲೆಯ ಮೇಲೆ ಕೈ ಹೊತ್ತು ಯಶಸ್‌ನತ್ತ ಬೆರಳು ತೋರಿಸಿ ಕಿರುಚಿದ. "ಅಲ್ಲಿ ನೋಡೋ, ಹಿಡಿಯೋದಂದ್ರೆ ಹಾಗೆ!"

ಇಡೀ ಮೈದಾನ ತಿರುಗಿ ನೋಡಿತು. ಯಶಸ್ ಕೋಲನ್ನು ಎರಡೂ ಕೈಯಲ್ಲಿ ಅವಚಿ, ಪಕ್ಕೆಗೆ ಒತ್ತಿಕೊಂಡು, ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತ ನಿಂತಿದ್ದ.