ದೇಜಪ್ಪಣ್ಣ ತಾನಾಗಿಯೇ ಎದ್ದ ಶನಿವಾರ

ಹೂ ತರಲು ಹೊರಟ ಜಯಲತಕ್ಕ ಬಾಗಿಲನ್ನು ಚಿಲಕ ಹಾಕದೆ ಸುಮ್ಮನೆ ಒರಗಿಸಿ ಹೋದರು. ಗಾಳಿ ಅದನ್ನು ಮೆಲ್ಲಗೆ ತಳ್ಳಿ ತೆರೆಯಿತು. ಆದದ್ದು ಇಷ್ಟೇ. ಆದರೆ ಗ್ರಹಚಾರ ಒಳಗೆ ಬರಲು ಅಷ್ಟು ಸಂದು ಧಾರಾಳವಾಯಿತು.

ಒಳಗೆ ಅವರ ಯಜಮಾನರು ದೇಜಪ್ಪಣ್ಣ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಸಂಜೆ ಅವರಿಗೊಂದು ಪರೀಕ್ಷೆ ಇತ್ತು. ಎಪ್ಪತ್ತು ದಾಟಿದವರಿಗೆ ಎಂಥ ಪರೀಕ್ಷೆ ಎಂದು ನಗಬೇಡಿ. ನೆಲದಿಂದ ಏಳುವ ಪರೀಕ್ಷೆ ಅದು.

ಮುಂಬಯಿ ಹತ್ತಿರದ ಡೊಂಬಿವಲಿಯ ಅವರ ಶನಿಮಂದಿರದಲ್ಲಿ ವರ್ಷಕ್ಕೊಮ್ಮೆ ಶನಿಕಥೆಯ ಪಾರಾಯಣ ನಡೆಯುತ್ತದೆ. ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅದಕ್ಕೆ ಅರ್ಥ ಹೇಳುತ್ತಾರೆ. ಕಷ್ಟಕ್ಕೆ ಬಿದ್ದ ರಾಜನ ಅರ್ಥವೆಂದರೆ ದೇಜಪ್ಪಣ್ಣನದೇ. ಅವರು ಬಾಯಿ ತೆರೆದರೆ ಹೆಂಗಸರು ಕಣ್ಣೊರೆಸಲು ಸೆರಗು ಹುಡುಕುತ್ತಿದ್ದರು. ಅರ್ಥ ಹೇಳುವವರು ನೆಲದ ಮೇಲೇ ಕೂರಬೇಕು, ಮಂಗಳಾರತಿಗೆ ಎದ್ದು ನಿಲ್ಲಬೇಕು ಎನ್ನುವುದು ಅಲ್ಲಿನ ಪದ್ಧತಿ. ಹೋದ ವರ್ಷ ಜಾಗಟೆಯವರು ಬಾರಿಸಿ ಬಾರಿಸಿ ಸುಸ್ತಾದರೂ ದೇಜಪ್ಪಣ್ಣನಿಗೆ ಏಳಲಾಗಲಿಲ್ಲ. ಕೊನೆಗೆ ಕೆಲವರು ಸೇರಿ, ಹೋಟೆಲಿನ ಗ್ರೈಂಡರ್ ಎತ್ತುವ ಹಾಗೆ ಅವರನ್ನು ಎತ್ತಿ ನಿಲ್ಲಿಸಿದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆ ನಗೆ ದೇಜಪ್ಪಣ್ಣನ ಎದೆಯೊಳಗೆ ಮುಳ್ಳಾಗಿ ಉಳಿಯಿತು.

ಜೀವಮಾನವಿಡೀ ಥಾಣೆಯ ವಾಗ್ಳೆ ಎಸ್ಟೇಟಿನ ಹೋಟೆಲಿನ ಗಲ್ಲಾದಲ್ಲಿ ಕೂತು ಬೆಳೆದ ತೊಡೆಗಳು ಅವು. ಹೊರಗಿಂದ ನೋಡಿದರೆ ಅಕ್ಕಿಮುಡಿ, ಒಳಗೆ ಬರೀ ಹೊಟ್ಟು.

ಈ ವರ್ಷ ಮಂದಿರದ ಅಧ್ಯಕ್ಷ ಜಯಶೀಲರು ಫೋನು ಮಾಡಿ, "ದೇಜಪ್ಪಣ್ಣ, ಈ ಸಲ ನಿಮಗೆ ಸನ್ಮಾನ ಮಾರ್ರೆ. ಶಾಲು, ಹಾರ, ಕೂರಲಿಕ್ಕೆ ಒಳ್ಳೆ ಕುರ್ಚಿ. ಅರ್ಥ ನಮ್ಮ ಕಶ್ಯಪ ಹೇಳ್ತಾನೆ, ಪ್ರಾಯದ ಹುಡುಗ," ಎಂದಿದ್ದರು. ಶಾಲು ಹೊದೆಸಿಕೊಂಡ ಯಾರನ್ನೂ ಮರುವರ್ಷ ಕರೆದದ್ದನ್ನು ದೇಜಪ್ಪಣ್ಣ ಕಂಡವರಲ್ಲ.

"ಶಾಲು ನೀನೇ ಹೊದ್ಕೋ! ನಾನು ಕೂತ್ಕೊಳ್ತೇನೆ, ನಾನೇ ಏಳ್ತೇನೆ!"

"ಆಗ್ಲಿ. ಶನಿವಾರ ಸಂಜೆ ಪಾರಾಯಣಕ್ಕೆ ಮೊದ್ಲು ಎಲ್ಲರ ಎದುರು ಎದ್ದು ತೋರಿಸಿ. ಯಾರ ಕೈಯೂ ತಾಗಬಾರ್ದು. ಎದ್ರೆ ಅರ್ಥ ನಿಮ್ದೇ."

ಜಯಶೀಲರಿಗೆ ತಿಳಿಯದ ಗುಟ್ಟೊಂದಿತ್ತು. ಹೋದ ವರ್ಷದ ಅವಮಾನದ ಮರುದಿನವೇ ದೇಜಪ್ಪಣ್ಣ ಸ್ಟೇಷನ್ ಹತ್ತಿರದ ಫಿಸಿಯೋಥೆರಪಿಸ್ಟ್ ಮೋಹಿನಿಯ ಬಳಿ ಹೋಗಿದ್ದರು. "ಅಂಕಲ್, ವಯಸ್ಸಾಯ್ತು ಅಂತ ತೊಡೆಗೆ ರಜೆ ಕೊಟ್ಟಿದ್ದೀರಿ. ರಜೆ ಸಾಕು, ಕೆಲಸ ಕೊಡಿ," ಎಂದಿದ್ದಳು ಅವಳು. ಕೈ ಊರದೆ ಕುರ್ಚಿಯಿಂದ ಏಳುವುದು ಮೊದಲ ಪಾಠ. ಮಳೆಗಾಲಕ್ಕೆ ಕುರ್ಚಿ ಗೆದ್ದರು, ದೀಪಾವಳಿಗೆ ಮಣೆ ಗೆದ್ದರು. ಜೊತೆಗೆ ದಿನವೂ ಮೊಟ್ಟೆ, ಹೆಸರುಕಾಳು. ಈಗ ಒಂದು ಮಂಡಿ ಊರಿ ನೆಲದಿಂದಲೂ ಏಳುತ್ತಿದ್ದರು. ಇಳಿವಯಸ್ಸಿನಲ್ಲಿ ಮೈ ತನ್ನ ಮಾತು ಕೇಳತೊಡಗಿದ ಆ ಸಂತೋಷವನ್ನು ಅವರು ಹೆಂಡತಿಯ ಹತ್ತಿರ ಮಾತ್ರ ಹಂಚಿಕೊಂಡಿದ್ದರು.

ಆ ಬೆಳಿಗ್ಗೆ ಕೊನೆಯ ಅಭ್ಯಾಸವೆಂದು ಒಂದು ಮಂಡಿ ಊರಿ, ಇನ್ನೇನು ಏಳಬೇಕು, ಅಷ್ಟರಲ್ಲಿ ಎದುರುಮನೆಯ ರೇವಣಸಿದ್ದ ತೆರೆದ ಬಾಗಿಲಿನಿಂದ ಇಣುಕಿದ.

"ಅಯ್ಯಯ್ಯ ಕಾಕಾ! ಬಿದ್ರೇನ್ರೀ?" ಎನ್ನುತ್ತ ಓಡಿಬಂದು, ಕಂಕುಳಿಗೆ ಕೈ ಕೊಟ್ಟು, ಒಂದೇ ಏಟಿಗೆ ಎತ್ತಿ ಸೋಫಾದ ಮೇಲೆ ಕೂರಿಸಿದ.

"ಬಿದ್ದದ್ದಲ್ಲ ಮಾರಾಯ, ಕೂತದ್ದು!"

"ಎಲ್ಲಾ ಹಿರೇರೂ ಹಂಗ ಅಂತಾರ್ರೀ. ನಮ್ಮಪ್ಪನೂ ಹಂಗ ಅಂದಿದ್ದ, ನೋಡಿದ್ರ ಸೊಂಟಾನ ಮುರದಿತ್ತು." ಮಾತು ಮುಗಿಯುವ ಮೊದಲೇ ಹೌಸಿಂಗ್ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹೋಯಿತು.

ಜಯಲತಕ್ಕ ಹೂವಿನೊಂದಿಗೆ ಮರಳಿದಾಗ ಬಾಗಿಲಲ್ಲಿ ಚಪ್ಪಲಿಗಳ ಸಂತೆ. ಅವರ ಜೀವ ಬಾಯಿಗೆ ಬಂತು. ಒಳಗೆ ನೋಡಿದರೆ ಒಬ್ಬರು ಎಣ್ಣೆ ತಿಕ್ಕುತ್ತಿದ್ದಾರೆ, ಇನ್ನೊಬ್ಬರು ನೆಟ್ಟಗಿದ್ದ ಮಂಡಿಗೆ ಪಟ್ಟಿ ಸುತ್ತುತ್ತಿದ್ದಾರೆ.

"ಹೋಯ್, ಎಂತಾಯ್ತು ನಿಮಗೆ?"

"ಎಂತದೂ ಆಗ್ಲಿಲ್ಲ!"

"ಎಂತದೂ ಆಗದಿದ್ರೆ ಈ ಪಟ್ಟಿ ಎಂತಕ್ಕೆ?"

"ಅದನ್ನು ಇವರತ್ರ ಕೇಳು! ನೋಡಿ, ಈಗ ಕೂತು ಎದ್ದು ತೋರಿಸ್ತೇನೆ." ಸೋಫಾದಿಂದ ಎದ್ದ ದೇಜಪ್ಪಣ್ಣ ನೆಲದ ಕಡೆ ಬಗ್ಗಿದ್ದೇ ತಡ, "ಧರಾ, ಧರಾ! ಕಾಕಾ ಪರತ್ ಪಡ್ತಾಯತ್!" ಹಿಡಿಯಿರಿ, ಕಾಕಾ ಮತ್ತೆ ಬೀಳುತ್ತಿದ್ದಾರೆ ಎಂದು ಯಾರೋ ಮರಾಠಿಯಲ್ಲಿ ಕೂಗಿದರು. ಸಿಕ್ಕಸಿಕ್ಕ ಕೈಗಳೆಲ್ಲ ಅವರನ್ನು ಗಾಳಿಯಲ್ಲೇ ಹಿಡಿದು ಮತ್ತೆ ಸೋಫಾಕ್ಕೆ ಸೇರಿಸಿದವು. ಮಧ್ಯಾಹ್ನದವರೆಗೂ ಇದೇ ಕತೆ. ಅವರು ಬಗ್ಗುವುದು, ಇವರು ಎತ್ತುವುದು. ಉಪಕಾರ ಮಾಡುವವರ ಕೈಗೆ ಸಿಕ್ಕವನನ್ನು ದೇವರೂ ಬಿಡಿಸಲಾರ.

ಸಂಜೆ ರೇವಣಸಿದ್ದ ಎಲ್ಲಿಂದಲೋ ಒಂದು ಗಾಲಿಕುರ್ಚಿ ಸಂಪಾದಿಸಿಕೊಂಡು ಬಂದು, ದೇಜಪ್ಪಣ್ಣ ಎಷ್ಟು ಕೊಸರಾಡಿದರೂ ಬಿಡದೆ ಅದರಲ್ಲೇ ಮಂದಿರಕ್ಕೆ ತಳ್ಳಿಕೊಂಡು ಹೋದ. ಸುದ್ದಿ ಅವರಿಗಿಂತ ಮೊದಲೇ ಅಲ್ಲಿ ತಲುಪಿತ್ತು. ಜಯಶೀಲರು ಶಾಲು ಬಿಡಿಸಿ ಹಿಡಿದು ನಿಂತಿದ್ದರು.

"ಪೆಟ್ಟಾಯ್ತಂತೆ ಮಾರ್ರೆ? ಪಾಪ. ಪರೀಕ್ಷೆ ಎಲ್ಲ ಬೇಡ ಬಿಡಿ."

ದೇಜಪ್ಪಣ್ಣ ಗಾಲಿಕುರ್ಚಿಯಿಂದ ಧಡಕ್ಕನೆ ಎದ್ದರು. ನಾಲ್ಕಾರು ಕೈಗಳು ಮುಂದೆ ಬಂದವು. ದಿನವಿಡೀ ನುಂಗಿಕೊಂಡ ಸಿಟ್ಟು ಒಮ್ಮೆಲೇ ಹೊರಬಂತು.

"ನಾನು ಏಳುವವರೆಗೆ ನನ್ನನ್ನು ಯಾರು ಮುಟ್ತಾರೋ ಅವರ ಹೆಗಲಿಗೆ ಶನಿ ಏರ್ಲಿ!"

ಬೇರೆಲ್ಲಾದರೂ ಹೇಳಿದ್ದರೆ ನಗುತ್ತಿದ್ದರು. ಇದು ಶನಿಮಂದಿರ, ಅದೂ ಶನಿವಾರ, ಎದುರಿಗೇ ದೇವರು. ಚಾಚಿದ ಕೈಗಳೆಲ್ಲ ಕಿಸೆ ಸೇರಿದವು. ರೇವಣಸಿದ್ದನಂತೂ "ನಂಗ ರಬಾಳೆ ಕಡೆ ಡ್ಯೂಟಿ ಐತ್ರೀ," ಎಂದು ಗಾಲಿಕುರ್ಚಿಯ ಸಮೇತ ಮಾಯವಾದ.

ದೇಜಪ್ಪಣ್ಣ ಪಟ್ಟಿ ಬಿಚ್ಚಿ ಎಸೆದು ನೆಲದ ಮೇಲೆ ಕೂತರು. ಮೋಸ ನಡೆಯಬಾರದೆಂದು ಜಯಶೀಲರೂ ಎದುರಿಗೇ ಕೂತರು. ಪದ್ಯ ಓದುವವರು, ಹಾರ್ಮೋನಿಯಂನವರು, ಸಮಿತಿಯ ಹಿರಿಯರೆಲ್ಲ ಸುತ್ತ ಕೂತರು. ಜಯಲತಕ್ಕ ಕಣ್ಣು ಮುಚ್ಚಿಕೊಂಡರು.

ಒಂದು ಮಂಡಿ ಊರಿತು. ಇನ್ನೊಂದು ಪಾದ ಮುಂದೆ ಬಂತು. ತೊಡೆ ನಡುಗಿತು, ಹಣೆ ಬೆವರಿತು. ಎದೆ ಮುಂದಕ್ಕೆ ಬಾಗಿತು. ಆಮೇಲೆ ಮೆಲ್ಲಗೆ, ತುಂಬ ಮೆಲ್ಲಗೆ, ದೇಜಪ್ಪಣ್ಣ ನೆಟ್ಟಗೆ ನಿಂತರು.

"ಎದ್ರು! ಅವರೇ ಎದ್ರು!" ಎಂದು ಜಯಲತಕ್ಕ ಕಣ್ಣು ತೆರೆದು ಮಗುವಿನಂತೆ ಕೂಗಿದರು. ಚಪ್ಪಾಳೆಯೋ ಚಪ್ಪಾಳೆ. ಕಶ್ಯಪನೇ ಮುಂದೆ ಬಂದು, "ಅರ್ಥ ನಿಮ್ದೇ ಅಂಕಲ್," ಎಂದ. ದೇಜಪ್ಪಣ್ಣನ ಕಣ್ಣು ತುಂಬಿತು.

"ಒಪ್ಪಿದೆ ಮಾರ್ರೆ!" ಎಂದು ಹಾರ ಹಾಕಲು ಹೊರಟ ಜಯಶೀಲರು ಕೂತಲ್ಲೇ ಉಳಿದರು. ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು. ಆಮೇಲೆ ಸಣ್ಣ ದನಿಯಲ್ಲಿ, "ದೇಜಪ್ಪಣ್ಣ, ಒಂದು ಕೈ ಕೊಡ್ತೀರಾ?" ಎಂದರು.

ಕೈ ಕೊಟ್ಟರು. "ನನಗೂ ಒಂಚೂರು," ಎಂದರು ಪದ್ಯ ಓದುವವರು. ಹಾರ್ಮೋನಿಯಂನವರು ಕೇಳಲೂ ಇಲ್ಲ, ಕೈ ಚಾಚಿದರು. ಇಷ್ಟು ವರ್ಷ ಎಲ್ಲರೂ ಆರತಿಯ ಗದ್ದಲದಲ್ಲಿ ಒಬ್ಬರ ಹೆಗಲು ಒಬ್ಬರು ಹಿಡಿದು ಏಳುತ್ತಿದ್ದರು ಎಂಬ ಸತ್ಯ ಅಂದು ಬಯಲಾಯಿತು. ಕಶ್ಯಪನನ್ನು ಕರೆದರೆ, "ನನ್ನದು ಕಂಪ್ಯೂಟರ್ ಕೆಲಸ, ಸೊಂಟನೋವು. ಭಾರ ಎತ್ಬಾರ್ದು ಅಂತ ಡಾಕ್ಟ್ರು ಹೇಳಿದ್ದಾರೆ," ಎಂದು ಹಿಂದೆ ಸರಿದ.

ಸಮಿತಿ ಅಲ್ಲೇ ನಿಂತು ಸಭೆ ಮಾಡಿತು. ನಿಂತದ್ದು ಯಾಕೆಂದರೆ ಕೂರುವ ಧೈರ್ಯ ಯಾರಿಗೂ ಇರಲಿಲ್ಲ.

"ಅಧ್ಯಾಯಕ್ಕೊಂದು ಮಂಗಳಾರತಿ ಉಂಟು," ಎಂದರು ಜಯಶೀಲರು. "ಪ್ರತಿ ಸಲ ನಮ್ಮನ್ನು ಎಬ್ಬಿಸ್ಲಿಕ್ಕೆ ಒಬ್ರು ಬೇಕು. ಅರ್ಥ ಕಶ್ಯಪನೇ ಹೇಳ್ಲಿ. ನೀವು ನಮ್ಮ ಪಕ್ಕದಲ್ಲೇ ನಿಂತಿರಿ."

"ನಾನು ಎದ್ರೆ ಅರ್ಥ ನನ್ದು ಅಂತ ಮಾತಲ್ವಾ?"

"ಹೌದು ಮಾರ್ರೆ. ಆದ್ರೆ ನೀವೂ ಕೂತ್ರೆ ನಮ್ಮನ್ನು ಎಬ್ಬಿಸುವವರು ಯಾರು? ನಮಗೂ ಅದೆಂತ ವ್ಯಾಯಾಮ ಅಂತ ಹೇಳಿಕೊಡಿ. ನಾವು ಎದ್ದು ನಿಲ್ಲುವ ಹಾಗಾದ ವರ್ಷ ನೀವು ಕೂರಿ. ನಾಳೆ ಬೆಳಿಗ್ಗೆ ಆರಕ್ಕೆ ಬಂದ್ರೆ ಸಾಕಾ?"

ದೇಜಪ್ಪಣ್ಣ ಜಯಶೀಲರ ತೊಡೆಗಳನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದರು.

"ಸಾಲದು," ಎಂದರು. "ಐದಕ್ಕೇ ಬನ್ನಿ."