ಎದ್ದು ಹೋದ ಸಮಯ

ಪ್ರಯೋಗ ಮಾಡಲು ಹೊರಟವರಿಗೆ ನನ್ನದೊಂದು ಸಲಹೆ: ಮನುಷ್ಯರ ಗೊಡವೆಗೆ ಹೋಗಬೇಡಿ, ಇಲಿಗಳನ್ನು ಆರಿಸಿಕೊಳ್ಳಿ. ಬೇಸರವಾದರೆ ಇಲಿ ಎದ್ದು ಹೋಗುತ್ತದೆ. ನಿಮ್ಮ ಮನಸ್ಸಿಗೆ ನೋವಾದೀತೆಂದು ಕೂತಿರುವುದಿಲ್ಲ. ಇಷ್ಟು ತಿಳಿಯಲು ನನಗೆ ಏಳು ವರ್ಷ ಬೇಕಾಯಿತು.

ನಾನು ಕಲಬುರಗಿಯ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸುತ್ತೇನೆ. ಏಳು ವರ್ಷದ ಹಿಂದೆ ಪಿಎಚ್‌ಡಿಗೆ ಆರಿಸಿಕೊಂಡ ವಿಷಯ ತಾಳ್ಮೆ. ಕುಕ್ಕರಿನ ಮೂರನೆಯ ಸೀಟಿಗೂ ಕಾಯದೆ ಗ್ಯಾಸ್ ಆರಿಸುವವಳು ತಾಳ್ಮೆಯನ್ನು ಅಳೆಯಲು ಹೊರಟಿದ್ದಾಳೆಂದು ನನ್ನ ಗಂಡ ಬಂದವರಿಗೆಲ್ಲ ಹೇಳುತ್ತಾರೆ. ಪ್ರಯೋಗವೇನೋ ಸರಳ. ಬಂದವರನ್ನು ಕೂರಿಸಿ, ಅರ್ಧ ಜನಕ್ಕೆ ‘ಹತ್ತು ನಿಮಿಷದಲ್ಲಿ ಬರುತ್ತೇನೆ’ ಎನ್ನುವುದು, ಉಳಿದವರಿಗೆ ‘ಈಗ ಬಂದೆ’ ಎಂದಷ್ಟೇ ಹೇಳಿ ಮರೆಯಾಗುವುದು. ಯಾರು ಯಾವಾಗ ಎದ್ದು ಹೋದರೆಂದು ಬರೆದುಕೊಳ್ಳುವುದು. ಅವಧಿ ಹೇಳದಿದ್ದರೆ ತಾಳ್ಮೆ ಬೇಗ ಕೆಡುತ್ತದೆ ಎಂಬುದು ನನ್ನ ಊಹೆ. ನಮ್ಮ ಕಾಲೇಜಿನ ಹುಡುಗರ ಮೇಲೆ ಮಾಡಿ ನೋಡಿದಾಗ ಚೆನ್ನಾಗಿಯೇ ಬಂತು. ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಅರ್ಧ ಜನ ಕ್ಯಾಂಟೀನಿನಲ್ಲಿದ್ದರು. “ಹಳ್ಳಿ ಮಂದೀನೂ ಬೇಕಲ್ಲ” ಎಂದರು ಗೈಡ್ ಸರ್. ನನಗೆ ಸಿಕ್ಕಿದ್ದು ಕೊನೆಯ ವಿಸ್ತರಣೆ. ತಿಂಗಳೊಳಗೆ ಫಲಿತಾಂಶ ಕೊಡದಿದ್ದರೆ ನೋಂದಣಿಯೇ ರದ್ದು.

ಕಮಲಾಪುರದಲ್ಲಿ ನನ್ನ ನಾದಿನಿಯ ಮನೆಯ ಪಡಸಾಲೆಯನ್ನೇ ಪ್ರಯೋಗಶಾಲೆ ಮಾಡಿಕೊಂಡೆ. ಮೊದಲು ಬಂದವರು ಮಹಾಗಾಂವದ ಶಾಂತಮ್ಮ. ಬೇಕೆನಿಸಿದಾಗ ಎದ್ದು ಹೋಗಬಹುದು ಎಂದು ಒಪ್ಪಿಗೆ ಪತ್ರ ಓದಿ ಹೇಳಿ, ಸಹಿ ಮಾಡಿಸಿಕೊಂಡು, “ಈಗ ಬಂದೆ” ಎಂದು ಅಡುಗೆಮನೆ ಸೇರಿದೆ. ಅರ್ಧ ಗಂಟೆಯಾಯಿತು. ಒಂದು ಗಂಟೆಯಾಯಿತು. ಇಣುಕಿದರೆ, ಮೂಲೆಯಲ್ಲಿದ್ದ ಮೊರ ಎಳೆದುಕೊಂಡು ನಾದಿನಿಯ ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಾರೆ. ಒಂದೂವರೆ ಗಂಟೆಗೆ ಸೋತು ನಾನೇ ಹೊರಬಂದೆ.

“ಬ್ಯಾಸರ ಆಗ್ಲಿಲ್ಲೇನ್ರಿ? ಯಾಕ ಹೋಗ್ಲಿಲ್ಲ?”

“ಆತ್ರಿ ಅಕ್ಕೋರ, ಭಾಳ ಆತು. ಆದ್ರ ಬರ್ತೀನಿ ಅಂತ ಹೇಳದೇ ಹ್ಯಾಂಗ ಹೋಗ್ಲಿ? ಹೇಳಾಕ ನೀವೇ ಇರಲಿಲ್ಲ!”

ಎರಡನೆಯವರು ಟೇಲರ್ ರಹೀಮ್‌ಸಾಬ್. ಅವರು ಕುರ್ಚಿಯನ್ನು ಹೊಸ್ತಿಲಿಗೆ ಎಳೆದುಕೊಂಡು, ಬೀದಿ ನೋಡುತ್ತ, ನಾನು ಬರುವ ತನಕ ಕೂತಿದ್ದರು. “ಬಾಗಿಲ ತೆರದು ಹೋಗೀರಿ ಮೇಡಂ. ಪರಾಯಿ ಮಂದಿ ಮನಿ. ಏನರ ಕಳದ್ರ ನಾ ಏನ್ ಜವಾಬ್ ಕೊಡ್ಲಿ?” ಅಂಗಡಿ ಮುಚ್ಚಿ ಬಂದಿದ್ದ ಮನುಷ್ಯ ನಮ್ಮ ಮನೆ ಕಾದಿದ್ದರು. ಹದಿನೈದು ದಿನಗಳಲ್ಲಿ ಹದಿನೆಂಟು ಜನ ಬಂದರು. ಹತ್ತು ನಿಮಿಷ ಎಂದರೂ ಅಷ್ಟೇ, ಈಗ ಬಂದೆ ಎಂದರೂ ಅಷ್ಟೇ, ಒಬ್ಬರೂ ಏಳಲಿಲ್ಲ. ‘ಎದ್ದು ಹೋದ ಸಮಯ’ ಎಂಬ ಕೊನೆಯ ಅಂಕಣ ಹದಿನೆಂಟು ಹಾಳೆಗಳಲ್ಲೂ ಖಾಲಿ. ನಾದಿನಿಯ ಬೇಳೆ ಮಾತ್ರ ವರ್ಷಕ್ಕಾಗುವಷ್ಟು ಹಸನಾಗಿತ್ತು. ಕೊನೆಯ ದಿನ ಸಂಜೆ ಕಲಬುರಗಿಯ ಬಸ್ಸಿನಲ್ಲಿ ನನಗೆ ಅಳಬೇಕೆನಿಸಿತು. ಅಳಲೂ ಆಗದಷ್ಟು ದಣಿದಿದ್ದೆ.

ಮರುದಿನ ಹಾಳೆಗಳನ್ನು ಹಿಡಿದು ಗೈಡ್ ಸರ್ ಕೋಣೆಗೆ ಹೋದೆ. ಪ್ರಯೋಗದ ವಿಧಾನ ಬದಲಿಸಲು ಅವರ ಒಂದು ಸಹಿ ಬೇಕಿತ್ತು. “ಕೂಡ್ರಿ, ಈಗ ಬಂದೆ” ಎಂದು ಫೋನು ಕಿವಿಗಿಟ್ಟು ಹೊರಗೆ ಹೋದರು. ಕೂತೆ. ಕಣ್ಣೆದುರು ಅವರ ಮೇಜು ಕಸದ ತೊಟ್ಟಿಯಾಗಿತ್ತು. ಕೈ ಸುಮ್ಮನಿರದೆ ಕಾಗದಗಳನ್ನು ಜೋಡಿಸಿದೆ, ಪೆನ್ನುಗಳಿಗೆ ಕ್ಯಾಪು ಹಾಕಿದೆ, ಪುಸ್ತಕಗಳ ಧೂಳನ್ನು ಸೆರಗಿನಿಂದ ಒರೆಸಿದೆ. ಅಷ್ಟರಲ್ಲಿ ನಿವೃತ್ತಿಗೆ ಹತ್ತಿರವಾದ ಜವಾನ ಬಸಣ್ಣ ಬೀಗ ಹಿಡಿದು ಬಂದರು.

“ಸರ್ ಮನಿಗಿ ಹೋಗಿ ಎರಡ್ ತಾಸ್ ಆತಲ್ರಿ ಮೇಡಂ! ನೀವ್ಯಾಕ ಇನ್ನಾ ಕುಂತೀರಿ?”

“ಹೇಳದೇ ಹ್ಯಾಂಗ ಹೋಗ್ಲಿ, ಬಸಣ್ಣ?”

ಮಾತು ಬಾಯಿಂದ ಬಿದ್ದ ಮೇಲೆಯೇ ಅದು ಯಾರ ಮಾತೆಂದು ಹೊಳೆದದ್ದು. ಚೀಲದಿಂದ ಹತ್ತೊಂಬತ್ತನೆಯ ಹಾಳೆ ತೆಗೆದು ನನ್ನ ಹೆಸರು ಬರೆದೆ. ಕಾದ ಅವಧಿ: ಏಳು ವರ್ಷ, ಎರಡು ತಾಸು. ಕೊನೆಯ ಅಂಕಣವನ್ನು ಖಾಲಿ ಬಿಟ್ಟು, ಬಸಣ್ಣನವರಿಗೆ “ಬರ್ತೀನ್ರಿ” ಎಂದು ಹೇಳಿಯೇ ಎದ್ದೆ. ನಾಳೆ ಬೆಳಿಗ್ಗೆ ಮತ್ತೆ ಬರಬೇಕಲ್ಲ.