ಅತ್ತೆಯ ಕೋಣೆಯ ಗಾಳಿಕಿಂಡಿ

ಡೆಲ್ಬರ್ಟ್ ಕ್ರೌಸನ ಒರಗುಕುರ್ಚಿ ಅವನ ಅತ್ತೆ ವರ್ನಾ ಅವರ ಪಾಲಾಗಿತ್ತು. ನಾಲ್ಕು ದಿನ ಇದ್ದು ಹೋಗುತ್ತೇನೆಂದು ವಿಚಿಟಾ ನಗರದ ಮಗಳ ಮನೆಗೆ ಬಂದವರು, ತಿಂಗಳಾದರೂ ಹೊರಟಿರಲಿಲ್ಲ.

"ನನ್ನ ರೂಮಲ್ಲಿ ಕೂತ್ರೆ ಬೆಂದುಹೋಗ್ತೀನಪ್ಪಾ. ಇಲ್ಲೇ ತಂಪು," ಎಂದು ಅವರು ಕುರ್ಚಿಯ ಪಕ್ಕದ ನೆಲದಲ್ಲಿದ್ದ, ಎ.ಸಿ.ಯ ತಂಪು ಬರುವ ಗಾಳಿಕಿಂಡಿಯತ್ತ ಕಾಲು ಚಾಚಿದರು.

ಸಂಜೆ ಬೇಸ್‌ಬಾಲ್ ಪಂದ್ಯವಿತ್ತು. ಆ ಕುರ್ಚಿಯಿಲ್ಲದ ಪಂದ್ಯ ಡೆಲ್ಬರ್ಟನಿಗೆ ಉಪ್ಪಿಲ್ಲದ ಊಟ. ಬೇಲಿಯಾಚೆ ಹುಲ್ಲು ಕತ್ತರಿಸುತ್ತಿದ್ದ ಪಕ್ಕದ ಮನೆಯ ಗೇಲನ್ ಬಳಿ ಗೋಳು ತೋಡಿಕೊಂಡ.

"ಅಷ್ಟೇ ತಾನೆ ಮಾರಾಯಾ? ಇಡೀ ಮನೆಗೆ ಒಂದೇ ಎ.ಸಿ. ಬೇರೆ ಕಿಂಡಿಗಳ್ನೆಲ್ಲ ಮುಚ್ಚಿಬಿಡು. ಗಾಳಿ ಇನ್ನೆಲ್ಲಿಗೆ ಹೋಗತ್ತೆ? ನಿಮ್ಮತ್ತೆ ರೂಮಿಗೇ! ರೂಮು ತಣ್ಣಗಾದ್ರೆ ಅವ್ರು ಅಲ್ಲಿಗೆ, ನೀನು ಕುರ್ಚಿಗೆ!"

ಡೆಲ್ಬರ್ಟ್ ಮಂಡಿಯೂರಿ ಅಡುಗೆಮನೆಯಿಂದ ಬಚ್ಚಲಿನವರೆಗೆ ಕಿಂಡಿಗಳನ್ನು ಮುಚ್ಚುತ್ತ ಹೋದ. ಅತ್ತೆ ನೀರು ಕುಡಿಯಲು ಎದ್ದಾಗ ಕುರ್ಚಿಯ ಪಕ್ಕದ್ದನ್ನೂ ಮುಚ್ಚಿದ.

ಮಧ್ಯಾಹ್ನದ ಹೊತ್ತಿಗೆ ಎಲ್ಲೂ ಗಾಳಿಯಿಲ್ಲ. ನೆಲಮಾಳಿಗೆಗೆ ಓಡಿದರೆ ಎ.ಸಿ. ಯಂತ್ರದ ಕೊಳವೆಗಳ ಮೇಲೆ ಮಂಜುಗಡ್ಡೆ! ಗಾಳಿ ಹರಿಯಲು ದಾರಿಯಿಲ್ಲದೆ ಯಂತ್ರವೇ ಹೆಪ್ಪುಗಟ್ಟಿತ್ತು. ಪಾಪ, ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ.

"ಈ ಬುದ್ಧಿ ಯಾರು ಹೇಳ್ಕೊಟ್ಟಿದ್ದು ನಿಂಗೆ?" ಹೆಂಡತಿ ರೋಂಡಾ ಕೆರಳಿದಳು.

"ಗೇಲನ್."

"ಅವನ ಎ.ಸಿ. ಕೆಟ್ಟು ವಾರ ಆಯ್ತು! ಅವನ ಹೆಂಡ್ತೀನೇ ಹೇಳಿದ್ಲು."

ಯಂತ್ರ ನಿಲ್ಲಿಸಿ, ಮಂಜು ಕರಗುವಷ್ಟರಲ್ಲಿ ಡೆಲ್ಬರ್ಟ್ ಎಲ್ಲ ಕಿಂಡಿಗಳನ್ನೂ ತೆರೆದ. ಅತ್ತೆಯ ಕೋಣೆಯಲ್ಲಿ ಮಾತ್ರ ಕಿಂಡಿಯೇ ಕಾಣಲಿಲ್ಲ. ಅವರ ದೊಡ್ಡ ಸೂಟ್‌ಕೇಸು ಸರಿಸಿದರೆ ಅದರಡಿಯಲ್ಲೇ ಇದೆ! ತಿಂಗಳಿಡೀ ಆ ಕೋಣೆಯ ತಂಪನ್ನೆಲ್ಲ ತಡೆದದ್ದು ಆ ಸೂಟ್‌ಕೇಸು. ಡೆಲ್ಬರ್ಟನಿಗೆ ಕುಣಿಯುವಷ್ಟು ಖುಷಿಯಾಯಿತು.

ಸಂಜೆ ಯಂತ್ರ ಮತ್ತೆ ಗುಂಯ್‌ಗುಟ್ಟಿತು. ಅತ್ತೆಯ ಕೋಣೆಯ ಪರದೆಗಳು ತಂಗಾಳಿಗೆ ತೂಗಾಡಿದವು.

"ಬಂಗಾರದಂಥ ಅಳಿಯ ಕಣಪ್ಪಾ ನೀನು!" ವರ್ನಾ ಕಣ್ಣರಳಿಸಿದರು. "ಸೆಕೆ ತಡೀಲಾರ್ದೆ ಶನಿವಾರ ಊರಿಗೆ ಹೊರಟ್ಬಿಡೋಣ ಅಂತಿದ್ದೆ. ಇನ್ನೇನು ಅವಸರ? ಬಟ್ಟೆ ಎಲ್ಲ ಬೀರುಗೆ ಜೋಡಿಸ್ಕೋತೀನಿ. ಸೂಟ್‌ಕೇಸು ಅಟ್ಟಕ್ಕೆ ಹಾಕ್ಬಿಡು. ಹಾಗೇ ಆ ಕುರ್ಚಿನೂ ಇಲ್ಲಿಗೆ ತಂದ್ಬಿಡಪ್ಪಾ. ಈ ರೂಮಿಗೆ ಅದೊಂದೇ ಕಮ್ಮಿ."

ಪಂದ್ಯ ಶುರುವಾದಾಗ ಡೆಲ್ಬರ್ಟ್ ಬರಿ ನೆಲದ ಮೇಲೆ ಕಿಂಡಿಯ ಪಕ್ಕ ಕೂತು, ಅತ್ತೆ ಮಾಡಿದ್ದ ಪೀಚ್ ಪೈ ಮೆಲ್ಲುತ್ತಿದ್ದ. ತಂಪಾಗಿತ್ತು, ಪೈ ರುಚಿಯಾಗಿತ್ತು. ಕುರ್ಚಿ ಹೋದರೆ ಹೋಯಿತು, ಟಿ.ವಿ. ಇದೆಯಲ್ಲ ಎಂದು ಸಮಾಧಾನಪಟ್ಟುಕೊಂಡ.

ಅಷ್ಟರಲ್ಲಿ ಒಳಗಿನಿಂದ ದನಿ ಬಂತು:

"ಡೆಲ್ಬರ್ಟ್! ಇಲ್ಲಿಂದ ಟಿ.ವಿ. ಕಾಣಲ್ವಲ್ಲಪ್ಪಾ!"